ಮಲೆಯಂಚಿನ ಮಣ್ಣಿನಲ್ಲಿ ಕುದುರೆಮೆಂತೆ

ಬೆಳಗಾವಿಯಿಂದ ಲೋಂಡಾದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಖಾನಾಪುರವನ್ನು ದಾಟಿದ ಮೇಲೆ ದೊರೆಯುವ ಗುಂಜಿ, ಮಾವುಲಿ ದೇವಿಯ ಕ್ಷೇತ್ರವೆಂದು ಸುತ್ತಣ ಸೀಮೆಯಲ್ಲಿ ಹೆಸರಾದ, ಭತ್ತದ ಗದ್ದೆಗಳಿಗೆ ಅಡವಿಯೇ ಎಲ್ಲೆಯಾಗಿರುವ ಗ್ರಾಮ. ಮಳೆಗಾಲದಲ್ಲಿ ಹುಲ್ಲಿಗೆ ಕೊರತೆಯಿಲ್ಲದ ಈ ಪ್ರದೇಶದಲ್ಲಿ, ಮಾಘ ಕಳೆಯುವಷ್ಟರಲ್ಲಿ ಬೆಟ್ಟದ ಹಸುರು ಒಣಗಿ, ದನಗಳ ಪಾಲಿಗೆ ಭತ್ತದ ಒಣಹುಲ್ಲೇ ಮುಖ್ಯ ಆಹಾರವಾಗುವುದು. ಅದು ಹೊಟ್ಟೆಯನ್ನು ತುಂಬೀತೇ ಹೊರತು ಕೆಚ್ಚಲನ್ನು ತುಂಬಲಾರದು.

ಈ ಕೊರತೆಯನ್ನು ನೀಗಬಲ್ಲ ಮೇವುಗಳಲ್ಲಿ ಅಗ್ರಗಣ್ಯವಾದುದು, ಈ ಗಡಿಸೀಮೆಯ ಮರಾಠಿ ಮನೆಗಳಲ್ಲಿ ಲಸೂಣ ಘಾಸ್ ಎನಿಸಿಕೊಳ್ಳುವ ಕುದುರೆಮೆಂತೆ, ಅರ್ಥಾತ್ ಲೂಸರ್ನ್. ಇದರ ಒಣಪದಾರ್ಥದಲ್ಲಿ ಸುಮಾರು ಶೇಕಡಾ 18ರಿಂದ 20ರಷ್ಟು ಸಸಾರಜನಕವಿರುವುದಲ್ಲದೆ ಸುಣ್ಣದ ಅಂಶವೂ ಸಮೃದ್ಧವಾಗಿರುವುದು.

ಆದರೆ ಪರ್ಷಿಯಾದ ಒಣಹವೆಗೆ ಹೊಂದಿ ಬಂದ ಈ ಸಸ್ಯಕ್ಕೂ ಗುಂಜಿಯ ನೆಲಕ್ಕೂ ಸಹಜವಾದ ಮೈತ್ರಿಯಿಲ್ಲವೆಂಬುದನ್ನು ಮೊದಲೇ ಹೇಳಬೇಕು. ಹಲವು ಅಡಿ ಆಳಕ್ಕಿಳಿಯುವ ಇದರ ತಾಯಿಬೇರು ನಿಂತ ನೀರಿನಲ್ಲಿ ಕೊಳೆಯುವುದು. ಅದಕ್ಕಿಂತಲೂ ದೊಡ್ಡ ತೊಡಕು ಮಣ್ಣಿನ ಹುಳಿ. ಯುಗಯುಗಗಳ ಮಳೆಗೆ ಸುಣ್ಣವನ್ನು ಕಳೆದುಕೊಂಡ ಜಂಬಿಟ್ಟಿಗೆ ಮಣ್ಣಿನಲ್ಲಿ, ಬೇರಿನ ಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಾಣುಗಳು ಬಾಳಲಾರವು. ಗಂಟುಗಳಿಲ್ಲದ ಕುದುರೆಮೆಂತೆಯಾದರೋ ಹಳದಿಗಟ್ಟಿ ಸೊರಗುವುದು. ರಸಸಾರ 6.5ಕ್ಕಿಂತ ಕೆಳಗಿದ್ದ ಹೊಲದಲ್ಲಿ, ಮಣ್ಣಿನ ಪರೀಕ್ಷೆ ಹೇಳಿದಷ್ಟು ಸುಣ್ಣವನ್ನು ಬೆರೆಸದೆ ಬೀಜವನ್ನು ಮುಟ್ಟಬಾರದೆಂದೇ ನನ್ನ ಅಭಿಪ್ರಾಯ.

ಸುಣ್ಣವನ್ನು ಹಾಕಿ, ನೀರು ಬಸಿದುಹೋಗುವ ಎತ್ತರದ ಗದ್ದೆಯನ್ನು ಆರಿಸಿ, ಭತ್ತದ ಕೊಯ್ಲಾದೊಡನೆ ಆಳವಾಗಿ ಉತ್ತು, ಬೆಲ್ಲದ ಅಂಟಿನಲ್ಲಿ ರೈಜೋಬಿಯಂ ಎಂಬ ಆ ಸೂಕ್ಷ್ಮಾಣುವನ್ನು ಲೇಪಿಸಿದ ಬೀಜವನ್ನು ಎಕರೆಗೆ 6ರಿಂದ 8 ಕಿಲೋಗ್ರಾಂನಂತೆ ಕಾರ್ತಿಕದಲ್ಲಿ ಬಿತ್ತಿದರೆ, ಬಾವಿಯ ನೀರುಳ್ಳ ರೈತನಿಗೆ ಸುಮಾರು ಎರಡು ತಿಂಗಳಿಗೆ ಮೊದಲ ಕೊಯ್ಲೂ ಅಲ್ಲಿಂದ ತಿಂಗಳಿಗೊಂದರಂತೆ ಮುಂದಿನ ಕೊಯ್ಲುಗಳೂ ಸಿಗುವುವು. ಅನ್ಯತ್ರ ವರ್ಷಗಟ್ಟಲೆ ನಿಲ್ಲುವ ಬೆಳೆಯನ್ನು ಇಲ್ಲಿ ಒಂದು ಬೇಸಗೆಯ ಬೆಳೆಯೆಂದೇ ಎಣಿಸಿ, ಮುಂಗಾರಿಗೆ ಮುನ್ನ ಬುಡಸಹಿತ ಉತ್ತು ಮಣ್ಣಿಗೆ ಸೇರಿಸುವುದು ವಿವೇಕ. ಬೀಜದಲ್ಲಿ ಕಸ್ಕ್ಯುಟಾ ಎಂಬ ಪರಾವಲಂಬಿ ಬಳ್ಳಿಯ ಬೀಜ ಬೆರೆತಿಲ್ಲವೆಂಬ ಖಾತರಿಯೂ ಬೇಕು.

ಕುದುರೆಮೆಂತೆಯನ್ನು ಬೆಳೆದ ಮಾತ್ರಕ್ಕೇ ಭೂಮಿಯ ಫಲವತ್ತತೆ ಹೆಚ್ಚುವುದೆಂಬ ಭ್ರಮೆಯೊಂದು ಪ್ರಚಲಿತವಾಗಿದೆ. ಬೆಳೆ ಗಳಿಸಿದ ಸಾರಜನಕದ ಬಹುಭಾಗ ಸೊಪ್ಪಿನೊಡನೆ ಕೊಟ್ಟಿಗೆಗೆ ಹೋಗುವುದರಿಂದ, ಸೆಗಣಿಯೂ ಗಂಜಲವೂ ಅದೇ ಗದ್ದೆಗೆ ಮರಳದಿದ್ದರೆ ಬೇರುಗಳಷ್ಟೇ ನೆಲಕ್ಕೆ ದಕ್ಕುವುವು. ರಂಜಕದ ಮಟ್ಟಿಗಂತೂ ನೆಲ ಇನ್ನಷ್ಟು ಬಡವಾಗುವುದು. ಸೆಗಣಿಯನ್ನು ಬೆರಣಿ ತಟ್ಟಿ ಉರಿಸುವ ಮನೆಯವರು ಈ ಲೆಕ್ಕವನ್ನು ಮುಖ್ಯವಾಗಿ ಗಮನಿಸಬೇಕು.

ಮೇವನ್ನು ಹಾಕುವಾಗಲೂ ಎಚ್ಚರಿಕೆ ಅಗತ್ಯ: ಹಸಿದ ದನ ಎಳೆಯ ಸೊಪ್ಪನ್ನೇ ಯಥೇಚ್ಛವಾಗಿ ಮೇದರೆ ಹೊಟ್ಟೆಯುಬ್ಬರದಿಂದ ಸಾಯುವುದೂ ಉಂಟು, ಆದುದರಿಂದ ಕೊಯ್ದದ್ದನ್ನು ಕೆಲಹೊತ್ತು ಬಾಡಿಸಿ, ಭತ್ತದ ಹುಲ್ಲಿನೊಡನೆ ಬೆರೆಸಿ, ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿಸತಕ್ಕದ್ದು.