ಉಣ್ಣೆ ಇರುವುದು ಗೋಡೆಯಲ್ಲಿ, ಸೀಮೆಎಣ್ಣೆ ನಾಯಿಯ ಮೈಮೇಲೆ

ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ. ಆದರೂ ನಾಯಿಗೆ ಉಣ್ಣೆಯಾಯಿತೆಂದರೆ ಎಲ್ಲಿಂದಲೋ ಒಂದು ಬಾಟಲಿ ಹುಡುಕಿ ತರುತ್ತಾರೆ. ಸಿಗದಿದ್ದರೆ ಗ್ಯಾರೇಜಿನ ಸುಟ್ಟ ಆಯಿಲ್. ‘ಅಜ್ಜನ ಕಾಲದಿಂದ ಹಚ್ಚುತ್ತಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆಗಿದೆ. ಚರ್ಮ ಸುಟ್ಟು ಕೂದಲು ಉದುರಿದ್ದನ್ನು ಕಜ್ಜಿ ಎಂದುಕೊಂಡಿರಿ, ಊಟ ಬಿಟ್ಟಿದ್ದನ್ನು ಬಿಸಿಲಿನ ಬೇಗೆ ಎಂದುಕೊಂಡಿರಿ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುತ್ತದೆ, ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ವಾಂತಿಯಾಗುವಾಗ ಸೀಮೆಎಣ್ಣೆ ಸ್ವಲ್ಪ ಶ್ವಾಸಕೋಶಕ್ಕಿಳಿದರೂ ನ್ಯುಮೋನಿಯಾ ಆಗಬಹುದು.

‘ಉಣ್ಣೆ ಉದುರಿದ್ದನ್ನು ಕಣ್ಣಾರೆ ನೋಡಿದ್ದೇವೆ’ ಅನ್ನುತ್ತಾರೆ. ಹೊಟ್ಟೆ ತುಂಬ ರಕ್ತ ಹೀರಿದ ಹೆಣ್ಣು ಉಣ್ಣೆ ಯಾರೂ ಏನೂ ಹಚ್ಚದಿದ್ದರೂ ಉದುರುತ್ತದೆ. ಉದುರಿದ್ದು ಎಲ್ಲಿಗೆ ಹೋಯಿತೆಂದು ಯಾರೂ ನೋಡುವುದಿಲ್ಲ. ನಮ್ಮ ಮನೆ ನಾಯಿಗಳಿಗೆ ಹತ್ತುವ ಕಂದು ಉಣ್ಣೆ ಗೋಡೆ ಏರಿ, ಬಾಗಿಲ ಚೌಕಟ್ಟಿನ ಸಂದಿನಲ್ಲೋ ಗೂಡಿನ ಹಲಗೆಯ ನಡುವೆಯೋ ಸೇರಿಕೊಂಡು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಒಂದೊಂದು 4,000ದವರೆಗೂ ಇಡುವುದುಂಟು. ಒಡೆದು ಬರುವ ಆರು ಕಾಲಿನ ಮರಿ ನಾಯಿಗೆ ಹತ್ತಿ, ರಕ್ತ ಕುಡಿದು ಉದುರುತ್ತದೆ. ಪೊರೆ ಬಿಟ್ಟು ಎಂಟು ಕಾಲಿನದಾಗಿ ಮತ್ತೆ ಹತ್ತುತ್ತದೆ, ಮತ್ತೆ ಉದುರುತ್ತದೆ, ಬೆಳೆದು ಮೂರನೆಯ ಸಲ ಹತ್ತುತ್ತದೆ. ಅದರ ಆಯುಸ್ಸಿನ ಬಹುಪಾಲು ಗೋಡೆಯ ಬಿರುಕಿನಲ್ಲೇ ಕಳೆಯುತ್ತದೆ. ಅಲ್ಲಿ ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ನೀವು ಮಾತ್ರ ನಾಯಿಯನ್ನೇ ಸುಡುತ್ತಿದ್ದೀರಿ.

ಆದ್ದರಿಂದ ಮನೆಗೂ ನಾಯಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಬಿರುಕಿಗೆ ಸಿಮೆಂಟು ತುಂಬಿ. ಹಾಸಿಗೆಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ಪಶುವೈದ್ಯರು ಹೇಳಿದ ಔಷಧಿಯನ್ನು ಸಂದುಗಳಿಗೆ ಸಿಂಪಡಿಸಿ, ಒಣಗುವವರೆಗೆ ಪ್ರಾಣಿಗಳನ್ನು ಹೊರಗಿಡಿ. ಮೊಟ್ಟೆಗಳು ಉಳಿದಿರುತ್ತವೆ, ಹಾಗಾಗಿ ಕೆಲವು ವಾರ ಬಿಟ್ಟು ಇನ್ನೊಮ್ಮೆ. ಈಗ ಬರುವ ಅಗಿಯುವ ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಉಣ್ಣೆ ಕಂಡರೆ ಔಷಧಿ ನಕಲಿ ಎಂದು ನಿಲ್ಲಿಸಬೇಡಿ. ಕಚ್ಚಿ ರಕ್ತ ಹೀರಿದ ಮೇಲೆಯೇ ಉಣ್ಣೆ ಅದರಿಂದ ಸಾಯುವುದು. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಿ.

ಇನ್ನೂ ಕೆಲವು ತಪ್ಪು ನಂಬಿಕೆಗಳಿವೆ. ಕಿತ್ತಾಗ ಒಳಗುಳಿದ ತಲೆಯಿಂದ ಹೊಸ ಉಣ್ಣೆ ಬೆಳೆಯುವುದಿಲ್ಲ. ಉಣ್ಣೆ ಬಿಡಲೆಂದು ಬೆಳ್ಳುಳ್ಳಿ ತಿನ್ನಿಸಿದರೆ ಹಾಳಾಗುವುದು ನಾಯಿಯ ಕೆಂಪು ರಕ್ತಕಣ. ಮಂಗನ ಕಾಯಿಲೆಗೆ ಮನೆ ನಾಯಿಯನ್ನು ದೂರುವುದು ತಪ್ಪು: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗವನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೆಯೇ ಜಾತಿಯ ಉಣ್ಣೆ. ‘ನಾಯಿಗೆ ಹಾಕಿದ್ದನ್ನೇ ಬೆಕ್ಕಿಗೂ ಒಂದು ಹನಿ’ ಎನ್ನುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ನಾಯಿಯ ಔಷಧಿಯಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕು ನಡುಗಿ ನಡುಗಿ ಸಾಯಬಹುದು.

ಅಜ್ಜನ ಕಾಲದ ಪುರಾವೆ ಕೊಡುವವರು ಸತ್ತ ನಾಯಿಗಳ ಲೆಕ್ಕ ಕೊಡುವುದಿಲ್ಲ; ಅದನ್ನು ಯಾರೂ ಬರೆದಿಟ್ಟಿಲ್ಲ. ಮೊಬೈಲಿಗೆ ಬಂದ ಮನೆಮದ್ದನ್ನು ಎರಡನೆಯ ಮಾತಿಲ್ಲದೆ ನಂಬುವವರು ಪಶುವೈದ್ಯರನ್ನು ಮಾತ್ರ ‘ದುಡ್ಡಿಗೆ ಹೇಳ್ತಾರೆ’ ಎಂದು ಅನುಮಾನಿಸುತ್ತಾರೆ. ಈ ಅನುಮಾನದಲ್ಲೇ ದಿನಗಳು ಕಳೆಯುತ್ತವೆ. ನಾಯಿ ಜ್ವರ ಬಂದು ಮಂಕಾಗಿದ್ದರೆ, ಒಸಡು ಬಿಳಚಿಕೊಂಡಿದ್ದರೆ, ಮೂಗಿನಲ್ಲಿ ರಕ್ತ ಬಂದರೆ ಅದು ಉಣ್ಣೆಯಿಂದ ಬರುವ ಎರ್ಲಿಕಿಯೋಸಿಸ್ ಇರಬಹುದು. ಬೇಗ ಗೊತ್ತಾದರೆ ಡಾಕ್ಸಿಸೈಕ್ಲಿನ್‌ನಿಂದ ಸಾಮಾನ್ಯವಾಗಿ ಗುಣವಾಗುತ್ತದೆ. ಇವತ್ತೇ ರಕ್ತ ಪರೀಕ್ಷೆ ಮಾಡಿಸಿ.