ಸಾವಕಾಶ ಓಡುವಾಗ ಇಂಜನ್ ಬಡೀತದೇನ್ರಿ?

ಸಲಗರ ಬುದ್ರುಕ: ಹಳ್ಳದ ದಂಡೆಗೆ ಡೀಸಲ್ ಇಂಜನ್ ಹಚ್ಚಿದರೆ ಸಾಕು, ಇವತ್ತು ಯಾರ ಕಬ್ಬಿಗೆ ನೀರು ಎಂಬುದು ಅರ್ಧ ಊರಿಗೆ ಗೊತ್ತಾಗುತ್ತದೆ. ಕರೆಂಟಿನ ಮೋಟಾರು ಬಂದು ಎಷ್ಟೋ ವರ್ಷವಾದರೂ ಅಕ್ಕಲಕೋಟ ಸೀಮೆಯಲ್ಲಿ ಹಳೆಯ ಇಂಜನ್ ಮೋಡಕಾಕ್ಕೆ ಹಾಕದವರು ಇನ್ನೂ ಇದ್ದಾರೆ. ಕರೆಂಟು ಕೈಕೊಟ್ಟ ದಿನ ಅದೇ ಆಧಾರ.

ಆರು ತಿಂಗಳು ಕೊಟ್ಟಿಗೆಯಲ್ಲಿ ಮಲಗಿದ ಇಂಜನ್ನಿಗೆ ಹ್ಯಾಂಡಲ್ ಹೊಡೆದು ಎಬ್ಬಿಸಿದಾಗ ಸಣ್ಣ ಓಟದಲ್ಲಿ ‘ಟಕ್, ಟಕ್’ ಆವಾಜ ಶುರುವಾಗುತ್ತದೆ. ಮನೆಯವರಿಗೆ ಗಾಬರಿ. ‘ಕ್ರ್ಯಾಂಕ್ ಹೋತು’ ಅಂತ ಒಬ್ಬ, ‘ಪಿಸ್ಟನ್ ಹೋತು’ ಅಂತ ಇನ್ನೊಬ್ಬ. ನಮ್ಮ ಪರಿಚಯದ ರೈತರೊಬ್ಬರಿಗೆ ಪ್ಯಾಟಿಯ ಮಿಸ್ತ್ರಿ ಲೈನರು, ಪಿಸ್ಟನ್ನು, ಬೇರಿಂಗು ಎಲ್ಲ ಹೊಸದು ಹಾಕಬೇಕೆಂದು ಚೀಟಿ ಬರೆದುಕೊಟ್ಟಿದ್ದ. ಕಬ್ಬಿನ ಬಿಲ್ ಬರುವ ತನಕ ಅಷ್ಟು ರೊಕ್ಕ ಎಲ್ಲಿಂದ? ಮಗ್ಗುಲ ಹೊಲದ ಮುದುಕರು ಬಂದು ಇಂಜನ್ ಬಂದ್ ಮಾಡಿಸಿ, ಫ್ಲೈವೀಲ್ ಹಿಡಿದು ಹಿಂದೆ ಮುಂದೆ ಅಲುಗಿಸಿದರು. ಚಕ್ರ ಒಂದು ಕೂದಲೆಳೆಯಷ್ಟು ಆಡಿತು. ‘ಚಾವಿ ಸಡ್ಲ ಆಗೇದ ತಮ್ಮಾ, ಇಂಜನ್ನಿಗೇನೂ ಆಗಿಲ್ಲ.’ ಚಾವಿ ಕೂಡಿಸಿದ ಮೇಲೆ ಆವಾಜ ಹೋಯಿತು.

ಇದರ ಗುಟ್ಟು ಇಷ್ಟೆ. ಲಿಸ್ಟರ್ ನಮೂನೆಯ ಇಂಜನ್ ನಿಮಿಷಕ್ಕೆ 650 ಸುತ್ತು ತಿರುಗುತ್ತದೆ, ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಓಟ ಕಡಿಮೆಯಾದಂತೆ ಒಂದು ಉರಿಗೂ ಇನ್ನೊಂದು ಉರಿಗೂ ನಡುವೆ ಅಂತರ ಬೀಳುತ್ತದೆ. ಚಕ್ರ ಒಮ್ಮೆ ಜಗ್ಗುತ್ತದೆ, ಒಮ್ಮೆ ಸಡಿಲ ಬಿಡುತ್ತದೆ. ಎಲ್ಲಿ ಸಂದಿ ಇದೆಯೋ ಅಲ್ಲಿ ಬಡಿತ. ಲೋಡ್ ಬಿದ್ದು ಓಟ ಹೆಚ್ಚಾದರೆ ಜಗ್ಗಾಟ ಒಂದೇ ಕಡೆಗಾಗಿ ಬಡಿತ ಅಡಗುತ್ತದೆ. ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರು ಕೂಡ ಸಣ್ಣ ಓಟದಲ್ಲಿ ಗಡಗಡ ಅಂದು, ಜೋರು ಬಿಟ್ಟರೆ ಸುಮ್ಮನಾಗುವುದುಂಟು. ಸಮುದ್ರವಾದರೇನು, ಹಳ್ಳವಾದರೇನು!

ಆವಾಜ ಅಡಗಿತು ಅಂತ ಚಾವಿ ಸಡಿಲಿದ್ದ ಇಂಜನ್ ಓಡಿಸುತ್ತ ಹೋಗಬ್ಯಾಡ್ರಿ. ಚಾವಿ ಕೂಡುವ ಗಾಳಿ ತಿಂದುಹೋದರೆ ಕ್ರ್ಯಾಂಕೇ ಬದಲಿಸಬೇಕಾದೀತು. ಚಕ್ರ ಕಳಚಿ ಉರುಳಿದರಂತೂ ಜೀವಕ್ಕೇ ಸಂಚಕಾರ.

ಮಿಸ್ತ್ರಿಯನ್ನು ಕರೆಯುವ ಮುಂಚೆ ಮೊದಲು ಪಂಪಿನ ಬೆಲ್ಟ್ ಬಿಚ್ಚಿ ಇಂಜನ್ ಒಂದನ್ನೇ ಓಡಿಸಿ ನೋಡಿ. ಆವಾಜ ನಿಂತರೆ ದೋಷ ಹೆಚ್ಚಾಗಿ ಪಂಪಿನ ಕಡೆ. ಬೇಸಿಗೆಯಲ್ಲಿ ಭಾವಿ ನೀರು ಇಳಿದಾಗ, ಫೂಟ್‌ವಾಲ್ವಿಗೆ ಕಸ ಸಿಕ್ಕಾಗ ಪಂಪಿನ ಹೊಟ್ಟೆಯೊಳಗೆ ಗರಸು ಅರೆದಂತೆ ಕೇಳುತ್ತದೆ. ಪಂಪಿನಿಂದ ನೀರಿನ ಮಟ್ಟ 20–22 ಫೂಟಿಗಿಂತ ಕೆಳಗಿದ್ದರೆ ಎಂಥ ಪಂಪೂ ಒದ್ದಾಡುವುದೇ.

ಬೆಲ್ಟ್ ಬಿಚ್ಚಿದರೂ ಬಡಿತ ಉಳಿದರೆ, ಓಡುತ್ತಿರುವಾಗಲೇ ಡೀಸಲ್ ಕಟ್ ಮಾಡಿ ಕಿವಿಗೊಡಿ. ಚಕ್ರ ಇನ್ನೂ ತಿರುಗುತ್ತಿರುವಾಗ ಆವಾಜ ಫಟ್ಟನೆ ನಿಂತಿತೆಂದರೆ ನಾಜಲ್ ಸೋರುತ್ತಿರಬಹುದು, ಇಲ್ಲವೇ ಡೀಸಲ್ ಬೀಳುವ ಹೊತ್ತು ತಪ್ಪಿರಬಹುದು. ನಾಜಲ್ ಬಿಚ್ಚಿ ನೋಡುವಾಗ ಅದರ ಮುಂದೆ ಕೈ ಹಿಡಿಯಬೇಡಿ, ಆ ಹನಿ ಚರ್ಮ ಸೀಳಿ ಒಳಗೆ ಹೋಗುತ್ತದೆ. ಡೀಸಲ್ ಕಟ್ಟಾದರೂ ಬಡಿತ ಮುಂದುವರಿದರೆ ಅದು ಕಬ್ಬಿಣದ ಸದ್ದು. ತಲೆಯ ಮೇಲೆ ಸಣ್ಣಗೆ ‘ಟಿಕ್ ಟಿಕ್’ ಅಂದರೆ ಟ್ಯಾಪೆಟ್, ಅರ್ಧ ತಾಸಿನ ಕೆಲಸ.

ನಿಜವಾಗಿ ಅಂಜಬೇಕಾದ ಆವಾಜ ಬೇರೆಯೇ ಇದೆ. ಇಂಜನ್ ಕಾಯ್ದಂತೆಲ್ಲ, ಲೋಡ್ ಬಿದ್ದಂತೆಲ್ಲ ತಳದಿಂದ ‘ದಬ್ ದಬ್’ ಎಂದು ಹೆಚ್ಚುತ್ತ ಬಂದರೆ ಅದು ಬೇರಿಂಗಿನದು. ಕಾಯ್ದ ಆಯಿಲ್ ತೆಳುವಾಗಿ ಸವೆದ ಸಂದಿ ಬಾಯಿ ಬಿಡುತ್ತದೆ. ಡೀಸಲ್ ಕಟ್ ಮಾಡಿದಾಗ ಇದೂ ಒಂದಿಷ್ಟು ತಗ್ಗುವುದರಿಂದ ಮೋಸ ಹೋಗಬಾರದು. ತಕ್ಷಣ ಬಂದ್ ಮಾಡಿ. ಥಂಡಿಯಲ್ಲಿ ಬಡಿದು ಕಾಯ್ದ ಮೇಲೆ ಕಡಿಮೆಯಾದರೆ ಅದು ಪಿಸ್ಟನ್ ಲೈನರಿಗೆ ಹೊಡೆಯುವ ಸದ್ದು, ಸುಗ್ಗಿ ತನಕ ತಡೆದೀತು.

2020ರ ಅಕ್ಟೋಬರಿನ ಭೀಮೆಯ ಮಹಾಪೂರದಂಥ ನೀರು ಬಂದು ಮುಳುಗಿದ ಇಂಜನ್ನಿನ ಲೆಕ್ಕವೇ ಬೇರೆ. ಅಳತೆ ಕಡ್ಡಿ ಎಳೆದು ನೋಡಿದಾಗ ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ ಹ್ಯಾಂಡಲ್ ಮುಟ್ಟಬೇಡಿ. ಆಯಿಲ್ ಪೂರಾ ಇಳಿಸಿ, ಒಳಗೆ ತೊಳೆಸಿ, ಬೇರಿಂಗಿಗೆ ಜಂಗು ಹಿಡಿದಿದೆಯೇ ನೋಡಿಸಿದ ಮೇಲೆಯೇ ಚಾಲೂ ಮಾಡುವುದು.

ಮಿಸ್ತ್ರಿಯ ಹತ್ತಿರ ಹೋದಾಗ ಬರೇ ‘ಆವಾಜ ಬರ್ತದ’ ಅನ್ನಬೇಡಿ. ಥಂಡಿಯಲ್ಲೋ ಕಾಯ್ದ ಮೇಲೋ, ಬೆಲ್ಟ್ ಇದ್ದಾಗಲೋ ಇಲ್ಲದಾಗಲೋ, ಡೀಸಲ್ ಕಟ್ ಮಾಡಿದರೆ ಏನಾಯಿತು, ಇಷ್ಟು ಹೇಳಿ. ಬಿಚ್ಚಿದ ಹಳೇ ಸಾಮಾನು ಮಾತ್ರ ಎಣಿಸಿ ಮನೆಗೆ ತರ್ರಿ.