ಬದಲಾವಣೆಯನ್ನು ಅಳೆಯುವ ಬದಲಾಗದ ಅಳತೆಗೋಲು

ಚಾಮರಾಜನಗರದಿಂದ ಸತ್ಯಮಂಗಲದತ್ತ ಸಾಗುವ ಹಾದಿಯಲ್ಲಿ, ಪುಣಜನೂರಿನ ಅರಣ್ಯ ತಪಾಸಣಾ ಠಾಣೆಯ ಬಳಿ ಇರುಳು ತಲೆಯೆತ್ತಿದರೆ ನಕ್ಷತ್ರಗಳು ಮಿನುಗುವುದು ಕಾಣುತ್ತದೆ. ಮಿನುಗು ನಕ್ಷತ್ರದ್ದಲ್ಲ, ನಡುವಿನ ಗಾಳಿಯದು ಎಂಬುದನ್ನು ಶಾಲೆಯಲ್ಲೇ ಕಲಿತಿದ್ದೇವೆ. ಕಣ್ಣಿಗೆ ಕಾಣದ ರೇಡಿಯೊ ಆಕಾಶದಲ್ಲಿಯೂ ಇದೇ ಪ್ರಶ್ನೆಯಿದೆ: ಬದಲಾದದ್ದು ಮೂಲವೋ, ಮಾರ್ಗವೋ ಅಥವಾ ನಮ್ಮ ಉಪಕರಣವೋ?

ಇದನ್ನು ಬಿಡಿಸುವ ಕೆಲಸ ಇಲ್ಲಿಂದ ನೈರುತ್ಯಕ್ಕಿರುವ ನೀಲಗಿರಿಯಲ್ಲಿ ದಶಕಗಳಿಂದ ನಡೆದಿದೆ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಉದಕಮಂಡಲದ ಮುತ್ತೊರೆಯಲ್ಲಿ 1970ರಲ್ಲಿ ಸಿದ್ಧವಾದ ರೇಡಿಯೊ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲವಿದೆ. ಬೆಟ್ಟದ ಇಳಿಜಾರು ಆ ಸ್ಥಳದ ಅಕ್ಷಾಂಶಕ್ಕೆ ಹೊಂದುವುದರಿಂದ ಅದರ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ದೂರದ ರೇಡಿಯೊ ಮೂಲಗಳು ಸೌರಮಾರುತದ ಮೂಲಕ ಹಾದುಬರುವಾಗ ಮಿನುಗುವುದನ್ನು ಅಳೆದು, ಆ ಮಾರುತದ ವೇಗವನ್ನೇ ಅದು ಲೆಕ್ಕಹಾಕುತ್ತದೆ.

ಪ್ರಕಾಶದಷ್ಟೇ ಮುಖ್ಯವಾದುದು ಧ್ರುವೀಕರಣ, ಅಂದರೆ ಅಲೆಯು ಕಂಪಿಸುವ ದಿಕ್ಕು. ಮುತ್ತೊರೆಯ ದೂರದರ್ಶಕ ಗ್ರಹಿಸುವುದು ಒಂದೇ ದಿಕ್ಕಿನ ಕಂಪನವನ್ನು. ಆದರೆ ಅಂತರಿಕ್ಷದ ಕಾಂತಕ್ಷೇತ್ರವು ಬೇರೆ ಬೇರೆ ಆವರ್ತಾಂಕದ ಅಲೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಿರುಗಿಸುವುದರಿಂದ, ಆವರ್ತಾಂಕದೊಡನೆ ಪ್ರಕಾಶವು ಏರಿಳಿಯುತ್ತದೆ. ಆ ಏರಿಳಿತದಿಂದಲೇ ಧ್ರುವೀಕರಣವನ್ನು ಊಹಿಸಬಹುದು. ಕೊರತೆಯನ್ನೇ ಸಾಧನವಾಗಿಸಿಕೊಳ್ಳುವ ಜಾಣ್ಮೆಯಿದು.

ಇಂಥ ಅಳತೆಯ ಫಲಕ್ಕೆ ನಮ್ಮವರದೇ ನಿದರ್ಶನವಿದೆ. ಮುಂದೆ, 1972ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ವಿ. ರಾಧಾಕೃಷ್ಣನ್ 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿದ್ದರು. ಸೆಕೆಂಡಿಗೆ ಸುಮಾರು ಹನ್ನೊಂದು ಬಾರಿ ಮಿಡಿಯುವ ವೇಲಾ ಪಲ್ಸಾರ್‌ನ ಪ್ರತಿ ಮಿಡಿತದೊಳಗೂ ಧ್ರುವೀಕರಣದ ಕೋನ ನಿಯತವಾಗಿ ತಿರುಗುವುದನ್ನು ಅವರು ಸಹೋದ್ಯೋಗಿಯೊಡನೆ ಕಂಡರು. ಸುತ್ತುವ ಕಾಂತಧ್ರುವವೊಂದು ನಮ್ಮೆದುರು ಹಾದುಹೋಗುತ್ತಿದೆ ಎಂಬ ವಿವರಣೆ ಅದರಿಂದ ಹೊಮ್ಮಿತು. ಅದೇ ವರ್ಷ, ಕ್ರಮೇಣ ನಿಧಾನವಾಗುತ್ತಿದ್ದ ಆ ಪಲ್ಸಾರ್ ಒಮ್ಮೆಲೇ ತುಸು ವೇಗ ಪಡೆದದ್ದೂ ಗೊತ್ತಾಯಿತು. ವ್ಯತ್ಯಾಸ ಸೆಕೆಂಡಿನ ಕೋಟಿಯಲ್ಲಿ ಎರಡು ಭಾಗದಷ್ಟು ಮಾತ್ರ. ಹಿಂದಿನ ವಾರದ ಅಳತೆ ಇರದಿದ್ದರೆ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಬೆಲೆ ಸೂಚ್ಯಂಕಕ್ಕೆ ಆಧಾರವರ್ಷ, ತಾಲ್ಲೂಕು ಕಚೇರಿಯ ಮಳೆಮಾಪಕಕ್ಕೆ ದಿನದಿನದ ದಾಖಲೆ ಎಷ್ಟು ಅಗತ್ಯವೋ, ಆಕಾಶದ ಏರಿಳಿತಕ್ಕೆ ಸ್ಥಿರವಾದ ಮಾಪನವೂ ಅಷ್ಟೇ ಅಗತ್ಯ. ಅಂತರರಾಷ್ಟ್ರೀಯ ಸ್ಕ್ವೇರ್ ಕಿಲೋಮೀಟರ್ ಅರೇ ಯೋಜನೆಗೆ ಭಾರತವು 1,250 ಕೋಟಿ ರೂಪಾಯಿ ನೀಡಲು ಒಪ್ಪಿರುವುದು 2024ರ ಜನವರಿಯಲ್ಲಿ ಬೆಳಕಿಗೆ ಬಂದಿತು. ಇದು ಸ್ವಾಗತಾರ್ಹ. ಆದರೆ ಹೊಸದರ ಉದ್ಘಾಟನೆಗೆ ದೊರೆಯುವ ಉತ್ಸಾಹ ಹಳೆಯದರ ನಿರ್ವಹಣೆಗೆ ದೊರೆಯುವುದಿಲ್ಲವೆಂಬುದು ಆಡಳಿತದಲ್ಲಿದ್ದವರೆಲ್ಲ ಬಲ್ಲ ಮಾತು. ಮುತ್ತೊರೆ, ಗೌರಿಬಿದನೂರುಗಳಂಥ ವೀಕ್ಷಣಾಲಯಗಳ ಸುತ್ತಲಿನ ರೇಡಿಯೊ ಮೌನವೂ ಕೆರೆ, ಗೋಮಾಳಗಳಂತೆಯೇ ಸಾರ್ವಜನಿಕ ಸ್ವತ್ತು. ಒತ್ತುವರಿಯಾದ ಮೇಲೆ ಅದನ್ನು ಮರಳಿ ಪಡೆಯುವುದು ಸುಲಭವಲ್ಲ.